ಜೋನ್ಸ್ ಕೆರೆಯ ಕಪ್ಪು ನೀರು

ಕಾರಿನಲ್ಲಿ ಹೋಗುತ್ತಿದ್ದಾಗ ಅವ್ವನ ಫೋನು ಬಂತು. ನಮಗೆ ಬೆಳಿಗ್ಗೆ, ಅವಳಿಗೆ ದೀಪ ಹಚ್ಚುವ ಹೊತ್ತು. ಇವತ್ತು ರಾತ್ರಿ ಕೆರೆ ದಂಡೆಯಲ್ಲಿ ಮಲಗುತ್ತೇವೆ ಅಂದೆ. ‘ಅಯ್ಯೋ ಮಗ, ಮನೆ ಇಲ್ವಾ ಅಲ್ಲಿ?’ ಅಂದಳು. ಮನೆ ಇದೆ, ಸುಮ್ಮನೆ ಖುಷಿಗೆ ಹೋಗ್ತಿದ್ದೀವಿ, ಬಟ್ಟೆ ಗುಡಿಸಲು ಹಾಕ್ಕೊಂಡು ಮಲಗೋದು, ಗಾಳ ಹಾಕೋದು, ಕಾಡಲ್ಲಿ ನಡೆಯೋದು, ಅದಕ್ಕೆ ದುಡ್ಡೂ ಕಟ್ಟಿದ್ದೀವಿ ಅಂದೆ. ಗುಡಿಸಲಲ್ಲಿ ಮಲಗೋಕೆ ದುಡ್ಡು ಕಟ್ಟಿದ ಮಗನ ಬಗ್ಗೆ ಅವಳು ಏನಂದುಕೊಂಡಳೋ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಆ ಕೆರೆ ಯಾರ್ದು?’

ಬಿ.ಇ. ಓದಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಓದು ಬರೆಹ ಇಲ್ಲದ ಅವ್ವ ಕೇಳಬೇಕಾದ್ದನ್ನೇ ಕೇಳಿದ್ದಳು.

ಕಂಪನಿಯವರು ಆರು ತಿಂಗಳ ಕೆಲಸಕ್ಕೆ ಅಂತ ನನ್ನನ್ನು ಅಮೆರಿಕದ ರಾಲಿ ನಗರಕ್ಕೆ ಕಳಿಸಿದ್ದರು. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಒಬ್ಬ ಕಪ್ಪು ಹೆಂಗಸು, ಐವತ್ತು ದಾಟಿದವರು. ಮನಸ್ಸಿನಲ್ಲಿ ನಾನವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಕೆರೆಗೆ ಹೋಗೋಣ ಅಂದವರು ಅವರೇ. ಈ ವಿಷಯ ನಮ್ಮ ರಾಜ್ಯದವನೇ ಆದ ಇನ್ನೊಬ್ಬ ಸಹೋದ್ಯೋಗಿಗೆ ಹೇಳಿದೆ. ಅವನು, ‘ಹೋಗಿ ಬಾ ಮಾರಾಯ, ಪ್ರಕೃತಿ ಮುಂದೆ ಜಾತಿ ಇಲ್ಲ ಗೀತಿ ಇಲ್ಲ, ಈ ದೇಶದಲ್ಲಿ ರಿಸರ್ವೇಶನ್ನೂ ಇಲ್ಲ’ ಅಂದ. ಸ್ಟೇಟ್ ಪಾರ್ಕಿನಲ್ಲಿ ಟೆಂಟು ಹೊಡೆಯೋಕೆ ಮುಂಚೆಯೇ ರಿಸರ್ವೇಶನ್ ಮಾಡಿಸಬೇಕು ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನಾವು ಮಾಡಿಸಿದ್ದೆವು.

ಜೋನ್ಸ್ ಲೇಕ್ ಸ್ಟೇಟ್ ಪಾರ್ಕ್ ಇರೋದು ನಾರ್ತ್ ಕೆರೊಲಿನಾ ರಾಜ್ಯದ ಬ್ಲೇಡನ್ ಕೌಂಟಿಯಲ್ಲಿ, ಎಲಿಜಬೆತ್‌ಟೌನ್ ಎಂಬ ಸಣ್ಣ ಊರಿನ ಪಕ್ಕ. 224 ಎಕರೆ ನೀರು. ನಾನು ಕೆರೆ ಅಂತಿದ್ದೀನಿ, ಆದರೆ ಅದಕ್ಕೆ ಏರಿ ಇಲ್ಲ, ತೂಬಿಲ್ಲ, ಕೋಡಿ ಇಲ್ಲ. ಯಾರೂ ಕಟ್ಟಿದ್ದಲ್ಲ. ಆ ಕರಾವಳಿ ಬಯಲಲ್ಲಿ ಇಂಥ ಮೊಟ್ಟೆಯಾಕಾರದ ತಗ್ಗುಗಳು ಸಾವಿರಾರು ಇವೆ, ಎಲ್ಲವೂ ವಾಯವ್ಯದಿಂದ ಆಗ್ನೇಯಕ್ಕೆ ಉದ್ದಕ್ಕೆ ಮಲಗಿವೆ. ಬಹಳಷ್ಟು ಹೂತು ಜೌಗಾಗಿವೆ, ಕೆಲವಲ್ಲಿ ಮಾತ್ರ ನೀರು ಉಳಿದಿದೆ. ಆಕಾಶದಿಂದ ಉಲ್ಕೆ ಬಿದ್ದು ಆದವು ಅಂತ ಒಂದು ಕಾಲದಲ್ಲಿ ವಾದ ಮಾಡಿದರು. ಗಾಳಿ ಮತ್ತು ನೀರು ಸಾವಿರಾರು ವರ್ಷ ಕೂಡಿ ಮಾಡಿದ ಕೆಲಸ ಅಂತ ಈಗ ಹೆಚ್ಚಿನವರು ಹೇಳುತ್ತಾರೆ. ಜೋನ್ಸ್ ಕೆರೆ ತುಂಬೋದು ಬಹುಪಾಲು ಮಳೆ ನೀರಿನಿಂದ.

ಆ ನೀರಿನ ಬಣ್ಣ ನೋಡಬೇಕು. ಹಾಲು ಹಾಕದ ಡಿಕಾಕ್ಷನ್. ಬೊಗಸೆಯಲ್ಲಿ ಎತ್ತಿದರೆ ಜೇನಿನ ಬಣ್ಣ, ಕೆರೆಯಲ್ಲಿ ನೋಡಿದರೆ ಕಪ್ಪು. ಕೊಳೆತ ಎಲೆ, ಬೇರು, ತೊಗಟೆಗಳ ಒಗರು ಇಳಿದು ಹೀಗಾಗುತ್ತೆ. ಆ ಒಗರಿಗೆ ಟ್ಯಾನಿನ್ ಅಂತಾರೆ. ನಮ್ಮ ಕೇರಿಯಲ್ಲಿ ಹಿಂದೆ ಚರ್ಮ ಹದ ಮಾಡುತ್ತಿದ್ದವರು ತಂಗಡಿ ತೊಗಟೆ ನೆನೆಹಾಕುತ್ತಿದ್ದ ಬಾನಿಯಲ್ಲೂ ಇದ್ದದ್ದು ಇದೇ ಒಗರು. ಆ ಬಾನಿಯ ಹತ್ತಿರ ಸುಳಿಯದೆ ಮೂಗು ಮುಚ್ಚಿಕೊಂಡು ಹೋದವರ ಮಕ್ಕಳು ಇವತ್ತು ಇಂಥ ನೀರಿನ ಮುಂದೆ ನಿಂತು ಫೋಟೊ ಹಿಡಿಸಿಕೊಳ್ಳುತ್ತಾರೆ.

ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಇನ್ನೊಂದು ಕೆರೆ ಇದೆ. ಅದರ ನೀರು ತಿಳಿ, ತಳದಲ್ಲಿ ಬೆಳ್ಳನೆ ಮರಳು. ಅದರ ಹೆಸರು ವೈಟ್ ಲೇಕ್, ಬಿಳಿ ಕೆರೆ. ಹೆಸರು ಬಂದದ್ದು ನೀರಿನಿಂದ, ಜನರಿಂದಲ್ಲ. ಆದರೆ ಅದರ ದಂಡೆಯ ಮೋಜಿನ ತಾಣಗಳೆಲ್ಲ ಬಿಳಿಯರಿಗೆ ಮಾತ್ರ ಅಂತ ಆಯ್ತು, ಕಪ್ಪು ನೀರಿನ ಕೆರೆ ಕಪ್ಪು ಜನಕ್ಕೆ ಅಂತ ಆಯ್ತು. ಕವಿತೆಯಲ್ಲಿ ಹೀಗೆ ಬರೆದಿದ್ದರೆ ಕೃತಕ ಅಂತ ಹೊಡೆದುಹಾಕುತ್ತಿದ್ದೆ. ಚರಿತ್ರೆಗೆ ಆ ನಾಚಿಕೆ ಇಲ್ಲ.

ಈಗ ಅವ್ವನ ಪ್ರಶ್ನೆಗೆ ಬರೋಣ. ಕೆರೆ ಯಾರದು?

ಮೊದಲು ಮೂಲನಿವಾಸಿಗಳದು. ವಕಮಾ ಸೂವನ್ ಎಂಬ ಬುಡಕಟ್ಟಿನವರು ಇವತ್ತಿಗೂ ಬ್ಲೇಡನ್ ಕೌಂಟಿಯಲ್ಲೂ ಪಕ್ಕದ ಕೊಲಂಬಸ್ ಕೌಂಟಿಯಲ್ಲೂ ಇದ್ದಾರೆ. ಬಿಳಿಯರು ಬಂದ ಮೇಲೆ 1730ರ ದಶಕದಲ್ಲಿ ಇದು ಒಬ್ಬ ನ್ಯಾಯಾಧಿಕಾರಿಯ ಹೆಸರಲ್ಲಿ ವುಡ್‌ವರ್ಡ್ ಕೆರೆ ಆಯ್ತು. ಆಮೇಲೆ ಐಸಾಕ್ ಜೋನ್ಸ್ ಎಂಬ ಭೂಮಾಲೀಕನ ಹೆಸರು ಬಂತು. 1773ರಲ್ಲಿ ಎಲಿಜಬೆತ್‌ಟೌನ್ ಕಟ್ಟೋಕೆ ಜಾಗ ಕೊಟ್ಟವನು ಅವನು. ಕೊಟ್ಟವನ ಹೆಸರು ಉಳಿಯಿತು, ದುಡಿದವರ ಹೆಸರು ಉಳಿಯಲಿಲ್ಲ.

ದುಡಿದವರು ಯಾರು? ಕೆರೆಯ ಸುತ್ತಲ ಉದ್ದೆಲೆ ಪೈನ್ ಮರಗಳನ್ನು ಕೇಳಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಟರ್ಪೆಂಟೈನ್, ಡಾಂಬರು, ರಾಳಗಳ ವ್ಯಾಪಾರದಲ್ಲಿ ನಾರ್ತ್ ಕೆರೊಲಿನಾ ಅಮೆರಿಕಕ್ಕೇ ಮುಂದಿತ್ತು. ಮರದ ಹಡಗುಗಳ ಸಂದು ಮುಚ್ಚೋಕೆ, ಹಗ್ಗಕ್ಕೆ ಬಳಿಯೋಕೆ ಅದು ಬೇಕಿತ್ತು. ಮರದ ಬುಡದಲ್ಲಿ ಗೂಡಿನ ಹಾಗೆ ಕೊರೆದು, ಮೇಲೆ ತೊಗಟೆಗೆ ಗಾಯ ಮಾಡುತ್ತಾ ಹೋದರೆ ಅಂಟು ಸೋರಿ ಗೂಡಿಗೆ ಇಳಿಯುತ್ತೆ. ಗಾಯ ಒಣಗಿದ ಹಾಗೆಲ್ಲ ಮತ್ತೆ ಗಾಯ ಮಾಡಬೇಕು. ವರ್ಷಗಟ್ಟಲೆ ಹೀಗೆ ಮರದಿಂದ ಮರಕ್ಕೆ ನಡೆದವರಲ್ಲಿ ಹೆಚ್ಚಿನವರು ಕಪ್ಪು ಗುಲಾಮರು. ಇವತ್ತು ನಾವು ಖುಷಿಗೆ ನಡೆಯುವ ಈ ಕಾಡುಗಳನ್ನು ಅವರು ಚಾವಟಿಯ ಲೆಕ್ಕಕ್ಕೆ ನಡೆದಿದ್ದರು.

1865ಕ್ಕೆ ಗುಲಾಮಗಿರಿ ಹೋಯ್ತು. ಕಪ್ಪು ಜನ ಓಟು ಹಾಕಿದರು, ಗೆದ್ದರು, ಅಧಿಕಾರದಲ್ಲೂ ಕೂತರು. ಇದನ್ನು ತಡೆದುಕೊಳ್ಳೋದು ಮೇಲಿನವರಿಗೆ ಆಗಲಿಲ್ಲ. ಎಲಿಜಬೆತ್‌ಟೌನಿನ ಪಕ್ಕ ಹರಿಯುವ ಕೇಪ್ ಫಿಯರ್ ನದಿ ಕೆಳಗೆ ವಿಲ್ಮಿಂಗ್ಟನ್ ನಗರ ದಾಟಿ ಸಮುದ್ರ ಸೇರುತ್ತೆ. ಅಲ್ಲಿ 1898ರ ನವೆಂಬರ್ 10ರಂದು ಬಂದೂಕು ಹಿಡಿದ ಬಿಳಿಯರು ಜನ ಆರಿಸಿದ ನಗರ ಸರ್ಕಾರವನ್ನೇ ಕಿತ್ತು ಎಸೆದರು, ಕಪ್ಪು ಜನರನ್ನು ಕೊಂದರು, ಅವರ ಪತ್ರಿಕೆಯ ಕಚೇರಿ ಸುಟ್ಟರು. 1900ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ, ಅಕ್ಷರ ಪರೀಕ್ಷೆಯ ನೆಪದಲ್ಲಿ ಅವರ ಓಟು ಕಸಿದರು. ಅದಕ್ಕೂ ಮುಂಚೆ, 1896ರಲ್ಲೇ, ಪ್ಲೆಸ್ಸಿ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ಬೇರೆ ಇಟ್ಟರೂ ಸಮ ಇದ್ದರೆ ಸಾಕು’ ಅಂತ ಬೇಲಿಗೆ ಕಾನೂನಿನ ಗೂಟ ಹೊಡೆದುಕೊಟ್ಟಿತ್ತು.

ಬೇರೆ ಇಟ್ಟರು. ಸಮ ಮಾತ್ರ ಎಲ್ಲೂ ಇರಲಿಲ್ಲ.

ನಾರ್ತ್ ಕೆರೊಲಿನಾದಲ್ಲಿ ಮೊದಲ ಸ್ಟೇಟ್ ಪಾರ್ಕ್ ಆದದ್ದು 1916ರಲ್ಲಿ, ಮೌಂಟ್ ಮಿಚೆಲ್ ಬೆಟ್ಟದಲ್ಲಿ. ತೆರಿಗೆ ಎಲ್ಲರದು, ಬೆಟ್ಟ ಬಿಳಿಯರದು. ಕಪ್ಪು ಜನಕ್ಕೆ ಅಂತ ಮೊದಲ ಸ್ಟೇಟ್ ಪಾರ್ಕ್ ಬಂದದ್ದು 1939ರ ಬೇಸಿಗೆಯಲ್ಲಿ, ಇದೇ ಜೋನ್ಸ್ ಕೆರೆಯಲ್ಲಿ. ಇಪ್ಪತ್ತಮೂರು ವರ್ಷ ಬೇಕಾಯ್ತು. ಅದೂ ರಾಜ್ಯದವರಿಗೆ ಕರುಣೆ ಬಂದು ಆದದ್ದಲ್ಲ. ಮಹಾ ಆರ್ಥಿಕ ಕುಸಿತದ ಕಾಲ ಅದು. ಸತ್ವ ಕಳೆದುಕೊಂಡ ಹೊಲಗಳನ್ನು ರೂಸ್‌ವೆಲ್ಟರ ಕೇಂದ್ರ ಸರ್ಕಾರ ರೈತರಿಂದ ಕೊಂಡುಕೊಂಡಿತು, ಕೆಲಸವಿಲ್ಲದವರಿಗೆ ಕೂಲಿ ಕೊಟ್ಟು ಅಲ್ಲಿ ಕಾಡು ಬೆಳೆಸಿತು, ಕಟ್ಟಡ ಕಟ್ಟಿಸಿತು, ಆಮೇಲೆ ರಾಜ್ಯಕ್ಕೆ ಗುತ್ತಿಗೆಗೆ ಕೊಟ್ಟಿತು. ಕೊಟ್ಟದ್ದನ್ನು ರಾಜ್ಯ ತನ್ನ ಜಾತಿಯ ಅಳತೆಗೆ ಕತ್ತರಿಸಿ ಹಂಚಿತು.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತೆ. ಸಿಕ್ಕ ಆ ಒಂದು ಕೆರೆಯನ್ನು ಕಪ್ಪು ಜನ ಅಳುಮೋರೆ ಹಾಕಿಕೊಂಡು ಬಳಸಲಿಲ್ಲ. ಅಕ್ಕನ ತಾಯಿ ನಮ್ಮ ಜೊತೆ ಬಂದಿದ್ದರು, ಎಂಬತ್ತರ ಹತ್ತಿರದವರು. ಮಡಚುವ ಕುರ್ಚಿ ಹಾಕಿ ನೀರಿನ ಕಡೆ ಮುಖ ಮಾಡಿ ಕೂತರು. ಭಾನುವಾರ ಪ್ರಾರ್ಥನೆ ಮುಗಿಸಿ ಚರ್ಚಿನ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಿದ್ದರಂತೆ. ಹುರಿದ ಕೋಳಿ, ಕಲ್ಲಂಗಡಿ, ಹಾಡು. ಹುಡುಗರು ಕಟ್ಟೆ ಮೇಲಿಂದ ನೀರಿಗೆ ಹಾರುತ್ತಿದ್ದರಂತೆ. ‘ವಾರವೆಲ್ಲ ಬೇರೆಯವರ ಬಟ್ಟೆ ಒಗೆದ ನೀರಲ್ಲಿ ಕೈ ಅದ್ದಿದವಳು ನಮ್ಮಮ್ಮ. ಇಲ್ಲಿ ಒಂದು ದಿನ ತನಗೋಸ್ಕರ ನೀರಿಗೆ ಇಳೀತಿದ್ದಳು’ ಅಂದರು. ಅವರು ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ, ಹೆಮ್ಮೆ ಇತ್ತು. ಬಿಳಿ ಕೆರೆ ನೋಡಿದ್ದಿರಾ ಅಂತ ಕೇಳಿದೆ. ‘ಪಕ್ಕದ ರಸ್ತೆಯಿಂದ’ ಅಂದರು.

ಈ ಕಥೆ ಒಂದು ಕೆರೆಯದಲ್ಲ. ಟೆನೆಸ್ಸೀ ನದಿಗೆ ಕೇಂದ್ರ ಸರ್ಕಾರ ಸಾಲಾಗಿ ಅಣೆಕಟ್ಟು ಕಟ್ಟಿದಾಗ ಹೊಸ ಹೊಸ ಜಲಾಶಯಗಳು ತುಂಬಿದವು. 1940ರಲ್ಲಿ ಮುಗಿದ ಚಿಕಮಾಗಾ ಅಣೆಕಟ್ಟಿನ ಹಿನ್ನೀರಿನಲ್ಲಿ ಬಿಳಿಯರಿಗೆ ಹ್ಯಾರಿಸನ್ ಬೇ ಪಾರ್ಕ್, ಕಪ್ಪು ಜನಕ್ಕೆ ಬುಕರ್ ಟಿ. ವಾಷಿಂಗ್ಟನ್ ಪಾರ್ಕ್. ಜಾರ್ಜಿಯಾದ ಅಲಟೂನಾ ಜಲಾಶಯದ ದಂಡೆಯಲ್ಲಿ 1950ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಪಾರ್ಕ್. ಹೆಸರು ನೋಡಿ. ಕಪ್ಪು ಜನದ ದೊಡ್ಡವರ ಹೆಸರಿಟ್ಟರೆ ಬೇರೆ ಬೋರ್ಡು ಬೇಕಾಗಿಲ್ಲ, ಇದು ಯಾರ ಜಾಗ ಅಂತ ಹೆಸರೇ ಹೇಳುತ್ತೆ. ಊರಾಚೆ ಕಾಲೊನಿ ಕಟ್ಟಿ ಬಾಬಾಸಾಹೇಬರ ಹೆಸರಿಟ್ಟು, ಊರೊಳಗಿನ ಬೀದಿಗೆ ಆ ಹೆಸರು ಬರದ ಹಾಗೆ ಕಾಯುವವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಟಕಿ ರಾಜ್ಯದಲ್ಲಂತೂ 1951ರಲ್ಲಿ ಕಪ್ಪು ಜನಕ್ಕೆ ತೆರೆದ ಕೆರೆ ದಂಡೆಯ ಪಾರ್ಕಿಗೆ ಚೆರೋಕಿ ಅಂತ ಹೆಸರಿಟ್ಟರು. 1838ರಲ್ಲಿ ಬಂದೂಕು ತೋರಿಸಿ ಚೆರೋಕಿ ಜನರನ್ನು ಅವರ ನೆಲದಿಂದ ಪಶ್ಚಿಮಕ್ಕೆ ಅಟ್ಟಿದಾಗ, ಸಾಯುತ್ತಾ ನಡೆದ ಆ ಜನ ಕೆಂಟಕಿಯ ಪಶ್ಚಿಮದ ನೆಲವನ್ನೂ ಹಾದು ಹೋಗಿದ್ದರು. ಒಬ್ಬರನ್ನು ಓಡಿಸಿ, ಅವರ ಹೆಸರನ್ನು ಬೇಲಿ ಮಾಡಿ, ಇನ್ನೊಬ್ಬರನ್ನು ಅದರೊಳಗೆ ಕೂಡಿಹಾಕಿದರು.

ರಾಲಿಯ ಪಕ್ಕದಲ್ಲೇ ಇನ್ನೊಂದು ಇದೆ. ಕ್ರ್ಯಾಬ್‌ಟ್ರೀ ಕ್ರೀಕ್ ಎಂಬ ಒಂದೇ ಕಾಡನ್ನು 1950ರಲ್ಲಿ ಸೀಳಿ, ಸಾವಿರ ಎಕರೆಗೂ ಮೇಲೆ ಕಪ್ಪು ಜನಕ್ಕೆ ಅಂತ ರೀಡಿ ಕ್ರೀಕ್ ಎಂಬ ಬೇರೆ ಪಾರ್ಕ್ ಮಾಡಿದರು. ಎರಡೂ ಒಂದಾದದ್ದು 1966ರಲ್ಲಿ. ಅಳಿಲು, ಜಿಂಕೆಗಳಿಗೆ ಆ ಹದಿನಾರು ವರ್ಷ ಗಡಿ ಎಲ್ಲಿತ್ತು ಅಂತ ಗೊತ್ತೇ ಆಗಿರಲಿಕ್ಕಿಲ್ಲ.

ಬಿಳಿಯರಿಗೆ ಕಾಡಿಗಿಂತ ನೀರಿನ ಭಯ ದೊಡ್ಡದು. ಉತ್ತರದ ಷಿಕಾಗೊದಲ್ಲಿ ಬೇರೆ ಬೇರೆ ಇಡುವ ಕಾನೂನೇ ಇರಲಿಲ್ಲ. ಅಲ್ಲಿ 1919ರ ಜುಲೈ 27ರಂದು ಯೂಜಿನ್ ವಿಲಿಯಮ್ಸ್ ಎಂಬ ಹದಿನೇಳು ವರ್ಷದ ಹುಡುಗ ಮಿಷಿಗನ್ ಸರೋವರದಲ್ಲಿ ತೇಲುತ್ತಾ ಬಿಳಿಯರು ತಮ್ಮದು ಅಂದುಕೊಂಡಿದ್ದ ನೀರಿನ ಕಡೆ ಬಂದ. ಕಲ್ಲು ಬಿತ್ತು, ಮುಳುಗಿ ಸತ್ತ. ಆಮೇಲೆ ನಡೆದ ದಂಗೆಯಲ್ಲಿ ಸತ್ತವರು 38 ಜನ, ಅದರಲ್ಲಿ 23 ಜನ ಕಪ್ಪು ಜನ. ನೀರಿನ ಮೇಲೆ ಎಳೆದ ಗೆರೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಆದರೂ ಎರಡೂ ಕಡೆಯವರಿಗೆ ಗೊತ್ತಿತ್ತು.

1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂತು. ಶಾಲೆಗಳಲ್ಲಿ ಬೇರೆ ಇಡೋದು ತಪ್ಪು ಅಂತ ಕೋರ್ಟು ಹೇಳಿತು. 1955ರ ನವೆಂಬರಿನಲ್ಲಿ ಬಾಲ್ಟಿಮೋರಿನ ಸ್ನಾನದ ದಂಡೆಗಳ ಮೊಕದ್ದಮೆಯಲ್ಲಿ ನೀರಿಗೂ ಅದೇ ಮಾತು ಅಂತ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಗ ಮೇಲಿನವರು ಏನು ಮಾಡಿದರು? ಈ ಲೇಖನ ನಾನು ಬರೆಯುತ್ತಿರೋದೇ ಆ ಸಂಗತಿಗಾಗಿ.

ಪಕ್ಕದ ಸೌತ್ ಕೆರೊಲಿನಾದಲ್ಲಿ ಕಪ್ಪು ಜನದ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ನಾಯಕ ಜೆ. ಆರ್ಥರ್ ಬ್ರೌನ್ ಮತ್ತು ಜೊತೆಗಾರರು ಬಿಳಿಯರ ಸ್ಟೇಟ್ ಪಾರ್ಕುಗಳ ಬಾಗಿಲಿಗೆ ಹೋದರು. ತಡೆದು ವಾಪಸ್ ಕಳಿಸಿದರು. 1961ರಲ್ಲಿ ಅವರು ಕೋರ್ಟಿಗೆ ಹೋದರು. 1963ರಲ್ಲಿ ಕೇಂದ್ರದ ಕೋರ್ಟು ಅವರ ಪರ ತೀರ್ಪು ಕೊಟ್ಟಿತು: ಪಾರ್ಕುಗಳು ಎಲ್ಲರಿಗೂ ತೆರೆಯಬೇಕು. ರಾಜ್ಯ ಏನು ಮಾಡಿತು ಗೊತ್ತೆ? ಇಡೀ ರಾಜ್ಯದ ಎಲ್ಲಾ ಸ್ಟೇಟ್ ಪಾರ್ಕುಗಳಿಗೂ ಬೀಗ ಹಾಕಿತು. ಕಪ್ಪು ಜನ ಇಳಿದ ನೀರಿಗೆ ಇಳಿಯೋದಕ್ಕಿಂತ ತಮ್ಮ ಮಕ್ಕಳಿಗೂ ನೀರು ಬೇಡ ಅಂದರು. 1964ರಲ್ಲಿ ಮತ್ತೆ ತೆರೆದರು, ಆದರೆ ಈಜು ಬಂದ್, ರಾತ್ರಿ ತಂಗುವ ಕ್ಯಾಬಿನ್ ಬಂದ್. ಪೂರ್ತಿ ತೆರೆದದ್ದು 1966ರಲ್ಲಿ.

ಇದನ್ನು ನಿಧಾನ ಓದಿಕೊಳ್ಳಿ. ಪಾರ್ಕಿನೊಳಗೆ ಒಟ್ಟಿಗೆ ಬರಬಹುದು, ಆದರೆ ಒಂದೇ ನೀರಲ್ಲಿ ಮೈ ಅದ್ದಬಾರದು, ಒಂದೇ ಸೂರಿನ ಹಾಸಿಗೆಯಲ್ಲಿ ಮಲಗಬಾರದು. ಮೈಲಿಗೆ ಅನ್ನುವ ಪದ ಇಂಗ್ಲಿಷಿನಲ್ಲಿ ಸರಿಯಾಗಿ ಇಲ್ಲ ಅಂತ ಮೇಷ್ಟರು ಒಬ್ಬರು ಹೇಳುತ್ತಿದ್ದರು. ಪದ ಇಲ್ಲದೇ ಇರಬಹುದು, ಸರಕು ಇದೆ.

ನಮ್ಮ ಓದುಗರಿಗೆ ಇಲ್ಲಿ ಮಹಾಡ್ ನೆನಪಾಗದೇ ಇರೋಲ್ಲ. ಚವದಾರ್ ಕೆರೆಯನ್ನು ಎಲ್ಲರಿಗೂ ಬಿಡಬೇಕು ಅಂತ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆ ನೀರು ಕುಡಿದರು, ಹಿಂದೆ ಸಾವಿರಾರು ಜನ ಕುಡಿದರು. ಮೇಲಿನವರು ಮೊದಲು ದೊಣ್ಣೆ ತಂದರು. ಆಮೇಲೆ 108 ಗಡಿಗೆ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಹೈಕೋರ್ಟಿನ ತೀರ್ಪು ಬರೋಕೆ 1937ರವರೆಗೆ ಕಾಯಬೇಕಾಯ್ತು. ಒಂದು ಕಡೆ ಸಗಣಿ ಗಂಜಲ, ಇನ್ನೊಂದು ಕಡೆ ಬೀಗ. ಉಪಾಯ ಬೇರೆ, ರೋಗ ಅದೇ. 1946ರಲ್ಲಿ ಅಂಬೇಡ್ಕರರು ಕಪ್ಪು ಜನದ ಚಿಂತಕ ಡು ಬೋಯ್ಸರಿಗೆ ಕಾಗದ ಬರೆದದ್ದೂ, 1972ರಲ್ಲಿ ಮುಂಬೈಯ ಹುಡುಗರು ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿ ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದೂ ಸುಮ್ಮನೆ ಅಲ್ಲ.

ನನ್ನ ತಾತ ನಮ್ಮೂರಿನ ನೀರಗಂಟಿ. ಕೋಲಾರದ ಕಡೆಯ ಕೆರೆಗಳಲ್ಲಿ ಈ ಕೆಲಸ ಬಹುಪಾಲು ನಮ್ಮವರದೇ. ತುಂಬಿದ ಕೆರೆಯಲ್ಲಿ ಈಜಿ ಹೋಗಿ, ತೂಬಿನ ಕಲ್ಲುಕಂಬ ಹಿಡಿದು ಮುಳುಗಿ, ತೂಬು ಎತ್ತಿ, ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ನ್ಯಾಯವಾಗಿ ನೀರು ಹಂಚಿದವನು ಅವನು. ಯಾರ ಗದ್ದೆಗೆ ಎಷ್ಟು ಅಂತ ಅವನ ನಾಲಿಗೆ ತುದಿಯಲ್ಲಿತ್ತು. ಅದರಲ್ಲಿ ಅವನ ಗದ್ದೆ ಇರಲಿಲ್ಲ. ಒಂಬತ್ತು ವರ್ಷದವನಿದ್ದಾಗ ನಾನು ಊರಿನವರ ಮೆಟ್ಟಿಲ ಕಡೆ ಕೆರೆಗೆ ಇಳಿದೆ. ಎಳೆದು ಹೊಡೆದರು. ತಾತನನ್ನು ಕರೆಸಿ ದಂಡ ಹಾಕಿದರು. ದಂಡ ಕಟ್ಟಿ ಬಂದ ತಾತ ಮಾರನೇ ದಿನ ಅದೇ ಕೆರೆಯಲ್ಲಿ ಮುಳುಗಿ ಅವರ ಗದ್ದೆಗೆ ತೂಬು ಎತ್ತಿದ. ತೂಬೆತ್ತುವ ಮೈ ನೀರಲ್ಲಿ ಮುಳುಗಿದರೆ ಮೈಲಿಗೆ ಇಲ್ಲ, ಆಟಕ್ಕೆ ಮುಳುಗಿದರೆ ಮೈಲಿಗೆ. ನಾನು ಈಜು ಕಲಿಯಲೇ ಇಲ್ಲ. ನೀರಗಂಟಿಯ ಮೊಮ್ಮಗನಿಗೆ ಈಜು ಬರೋದಿಲ್ಲ. ಅಕ್ಕನ ತಾಯಿಗೆ ಇದನ್ನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಕೆರೆ ಕೊಳಗಳಿಂದ ದೂರ ಇಟ್ಟಿದ್ದರಿಂದ ಈಜು ಬರದೇ ಹೋದ ತಲೆಮಾರುಗಳು ಅವರಲ್ಲೂ ಇವೆಯಂತೆ. ‘ನಮಗೆ ಈ ಕೆರೆ ಇತ್ತು. ನನಗೆ ಬರುತ್ತೆ’ ಅಂದರು.

ಮಧ್ಯಾಹ್ನ ಅಕ್ಕ ಮತ್ತು ನಾನು ಕೆರೆ ಸುತ್ತ ನಡೆದೆವು. ನಾಲ್ಕು ಮೈಲಿಯ ಹಾದಿ. ಬೇ ಮರದ ಪೊದೆಗಳು ದಟ್ಟ, ಕಾಲ ಕೆಳಗೆ ಮೆತ್ತನೆ ಕಪ್ಪು ಮಣ್ಣು, ನೀರಂಚಿನ ಸೈಪ್ರಸ್ ಮರಗಳಿಂದ ಅಜ್ಜನ ಗಡ್ಡದ ಹಾಗೆ ಇಳಿಬಿದ್ದ ಬೂದು ಹಂಬು. ಸೊಳ್ಳೆ ವಿಪರೀತ. ಎಲ್ಲಾದರೂ ಒಂದು ಹಳೇ ಪೈನ್ ಬುಡದಲ್ಲಿ ಟರ್ಪೆಂಟೈನ್ ಇಳಿಸಿದ ಗಾಯ ಕಾಣುತ್ತಾ ಅಂತ ಹುಡುಕಿದೆ, ಕಾಣಲಿಲ್ಲ.

ಸಂಜೆ ಗಾಳ ಹಾಕಿದೆವು. ಹದಿನಾರು ದಾಟಿದವರಿಗೆಲ್ಲ ಅದಕ್ಕೆ ಲೈಸೆನ್ಸ್ ಬೇಕು, ತಗೊಂಡಿದ್ದೆವು. ನೀರು ಹುಳಿಯಾದ್ದರಿಂದ ಅಲ್ಲಿ ಎಲ್ಲಾ ಮೀನೂ ಬದುಕೋದಿಲ್ಲ. ಸಿಕ್ಕರೆ ಹೆಚ್ಚಾಗಿ ಪಟ್ಟೆ ಪಟ್ಟೆಯ ಹಳದಿ ಪರ್ಚ್. ಕತ್ತಲಾಗುವ ಮುಂಚೆ ಅಕ್ಕನ ತಾಯಿ ಕುರ್ಚಿಯಿಂದ ಎದ್ದು, ಮಗಳ ತೋಳು ಹಿಡಿದು, ಮೊಣಕಾಲವರೆಗೆ ನೀರಿಗೆ ಇಳಿದರು. ನನ್ನನ್ನೂ ಕೈ ಬೀಸಿ ಕರೆದರು. ಪ್ಯಾಂಟು ಮಡಚಿಕೊಂಡು ಹೋದೆ. ಸೊಂಟದವರೆಗೂ ಹೋದೆ. ನೀರು ಬೆಚ್ಚಗಿತ್ತು. ಕೆಳಗೆ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಅವ್ವ ಮತ್ತೆ ಫೋನ್ ಮಾಡಿದಳು. ‘ರಾತ್ರಿ ಚಳಿ ಆಯ್ತಾ? ಮೀನು ಸಿಕ್ತಾ?’

‘ಒಂದು ಸಿಕ್ತವ್ವ.’

‘ಸಾರು ಮಾಡಿದ್ರಾ?’

‘ಇಲ್ಲ, ಚಿಕ್ಕದು. ವಾಪಸ್ ನೀರಿಗೆ ಬಿಟ್ಟುಬಿಟ್ವಿ.’

‘ಅಷ್ಟು ದೂರ ಹೋಗಿ, ದುಡ್ಡು ಕೊಟ್ಟು, ಸಿಕ್ಕ ಮೀನೂ ಬಿಟ್ರಾ!’ ಅಂತ ನಕ್ಕಳು. ಆಮೇಲೆ, ‘ಕೆರೆ ಯಾರ್ದು ಅಂತ ಹೇಳಲೇ ಇಲ್ಲ ನೀನು’ ಅಂದಳು.

ಅಕ್ಕನ ತಾಯಿ ಆಗಲೇ ಎದ್ದು, ಟವೆಲು ಹೆಗಲ ಮೇಲೆ ಹಾಕಿಕೊಂಡು ನೀರಿನ ಕಡೆ ನಡೆಯುತ್ತಿದ್ದರು. ನಿಂತುಕೋ ಅವ್ವ, ಅಂತ ಫೋನನ್ನು ಆ ಕಡೆ ತಿರುಗಿಸಿ ತೋರಿಸಿದೆ.